ಡಾಂಬರು ಬೇಡವೆಂದ ಬಿಳಿ ರಸ್ತೆಗಳು

ಊರಿನ ರಸ್ತೆಗೆ ಡಾಂಬರು ಹಾಕಿಸಿಕೊಡಿ ಎಂದು ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಡಾಂಬರು ಬೇಡ, ಜಲ್ಲಿ ಮಣ್ಣಿನ ರಸ್ತೆಯೇ ಇರಲಿ ಎನ್ನುವವರು ಸಿಗುವುದು ಅಪರೂಪ. ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ಅಂಥವರು ಸಿಕ್ಕರು. ಅವರೆಲ್ಲ ಹಳೆಯ ಸೈಕಲ್ ಏರಿ ಬಂದವರು.

1997ರ ಅಕ್ಟೋಬರ್ ತಿಂಗಳಲ್ಲಿ ಗಾಯೋಲೆ ಎಂಬ ಸಣ್ಣ ಊರಿನಿಂದ 92 ಮಂದಿ ಸೈಕಲ್ ಸವಾರರು ಹೊರಟರು. ಗಾಯೋಲೆ ಇರುವುದು ಸಿಯೆನಾ ನಗರದ ಈಶಾನ್ಯಕ್ಕೆ, ಕಿಯಾಂತಿ ಎಂಬ ಗುಡ್ಡಗಾಡಿನಲ್ಲಿ. ದ್ರಾಕ್ಷಿ ತೋಟ, ಆಲಿವ್ ಮರ, ಓಕ್ ಕಾಡು, ಅಲ್ಲೊಂದು ಇಲ್ಲೊಂದು ಕಲ್ಲಿನ ಮನೆ. ಅಂದು ಹೊರಟವರಲ್ಲಿ ಹೆಸರಾಂತ ಸ್ಪರ್ಧಿಗಳನ್ನು ಹುಡುಕಬೇಕಾಗಿರಲಿಲ್ಲ. ಯಾರು ಮೊದಲು ಬರುತ್ತಾರೆ ಎಂಬ ಲೆಕ್ಕವೂ ಇರಲಿಲ್ಲ. ಸುತ್ತಲಿನ ಗುಡ್ಡಗಳ ಮೇಲೆ ಇನ್ನೂ ಡಾಂಬರು ಕಾಣದೆ ಉಳಿದಿದ್ದ ಬಿಳಿ ಜಲ್ಲಿಯ ರಸ್ತೆಗಳಲ್ಲಿ ಇಡೀ ದಿನ ಸೈಕಲ್ ತುಳಿದು ಊರಿಗೆ ಮರಳುವುದಷ್ಟೇ ಕಾರ್ಯಕ್ರಮ. ಇದನ್ನು ಏರ್ಪಡಿಸಿದವರು ಜಾನ್‌ಕಾರ್ಲೊ ಬ್ರೊಚ್ಚಿ. ಇಟ್ಟ ಹೆಸರು 'ಎರೋಯಿಕಾ'. ವೀರರದ್ದು ಎಂದು ಅದರ ಅರ್ಥ.

ಬ್ರೊಚ್ಚಿ ಅವರ ಉದ್ದೇಶ ಎರಡು. ಒಂದು, ಹಳೆಯ ಕಾಲದ ಸೈಕಲ್ ಸ್ಪರ್ಧೆಯ ಕಷ್ಟಸುಖ ಹೇಗಿತ್ತು ಎಂಬುದನ್ನು ಈಗಿನವರಿಗೆ ಮೈಗೆ ತಾಗುವಂತೆ ತಿಳಿಸುವುದು. ಇನ್ನೊಂದು, ಒಂದೊಂದಾಗಿ ಡಾಂಬರಿನಡಿ ಮರೆಯಾಗುತ್ತಿದ್ದ ಬಿಳಿ ರಸ್ತೆಗಳನ್ನು ಉಳಿಸುವುದು. ಇಟಾಲಿಯನ್ ಭಾಷೆಯಲ್ಲಿ ಇವುಗಳನ್ನು 'ಸ್ತ್ರಾದೆ ಬಿಯಾಂಕೆ' ಎನ್ನುತ್ತಾರೆ. ಬಿಳಿ ರಸ್ತೆಗಳು ಎಂದೇ ಅದರ ಅರ್ಥ. ಆ ಸೀಮೆಯ ಸುಣ್ಣಕಲ್ಲನ್ನು ಒಡೆದು ಹಾಸಿದ್ದರಿಂದ ಬಂದ ಬಣ್ಣ ಅದು. ಬೇಸಿಗೆಯಲ್ಲಿ ರಸ್ತೆ ಹಿಟ್ಟು ಚೆಲ್ಲಿದಂತೆ ಹೊಳೆಯುತ್ತದೆ. ಮಳೆ ಬಂದರೆ ಅದೇ ಹಿಟ್ಟು ನೆನೆದು ಸೈಕಲ್ಲಿಗೂ ಸವಾರನಿಗೂ ಮೆತ್ತಿಕೊಳ್ಳುತ್ತದೆ.

ಈ ರಸ್ತೆಗಳು ಎಷ್ಟು ಹಳೆಯವು ಎಂದು ತಿಳಿಯಬೇಕಾದರೆ ಸಿಯೆನಾದ ಪುರಭವನಕ್ಕೆ ಹೋಗಬೇಕು. ಅಲ್ಲಿನ ಒಂದು ಸಭಾಂಗಣದ ಗೋಡೆಯ ಮೇಲೆ ಅಂಬ್ರೋಜೊ ಲೊರೆಂಜೆತ್ತಿ ಎಂಬ ಚಿತ್ರಕಾರ 1338-39ರಲ್ಲಿ ಬರೆದ ಭಿತ್ತಿಚಿತ್ರವಿದೆ. ಒಳ್ಳೆಯ ಆಡಳಿತ ಇದ್ದರೆ ನಾಡು ಹೇಗಿರುತ್ತದೆ ಎಂಬುದು ಚಿತ್ರದ ವಿಷಯ. ನಗರದ ಬಾಗಿಲಿನಿಂದ ಹೊರಬೀಳುವ ರಸ್ತೆಯೊಂದು ಗುಡ್ಡ ಇಳಿದು ಹೊಲಗಳ ನಡುವೆ ಸಾಗುತ್ತದೆ. ಬೇಟೆಗೆ ಹೊರಟ ಶ್ರೀಮಂತರು ಕುದುರೆಯ ಮೇಲೆ ಕೆಳಗಿಳಿಯುತ್ತಿದ್ದಾರೆ. ಎದುರಿನಿಂದ ರೈತನೊಬ್ಬ ನಡುವಿಗೆ ಬಿಳಿ ಪಟ್ಟೆಯುಳ್ಳ ಕರಿ ಹಂದಿಯನ್ನು ಹೊಡೆದುಕೊಂಡು ಪೇಟೆಯತ್ತ ಬರುತ್ತಿದ್ದಾನೆ. ಹೇರು ಹೊತ್ತ ಕತ್ತೆಗಳೂ ಇವೆ. ಮೇಲೆ ಆಕಾಶದಲ್ಲಿ ಹಾರುವ ದೇವತೆಯ ಕೈಯಲ್ಲಿರುವ ಪಟದ ಬರಹದ ಸಾರಾಂಶ, ಎಲ್ಲರೂ ಭಯವಿಲ್ಲದೆ ದಾರಿ ನಡೆಯಬಹುದು ಎಂಬುದು. ಆ ಪಟ್ಟೆ ಹಂದಿಯ ತಳಿ ಈಗಲೂ ಅಲ್ಲಿ ಉಂಟು.

ಆದರೆ ಗುಡ್ಡದ ಮೈತುಂಬ ಬಲೆ ಬೀಸಿದಂತೆ ಇಷ್ಟೊಂದು ರಸ್ತೆಗಳು ಏಕೆ ಬೇಕಾದವು? ಇದಕ್ಕೆ ಉತ್ತರ ಅಲ್ಲಿನ ಭೂಮಿ ಪದ್ಧತಿಯಲ್ಲಿದೆ.

ಟಸ್ಕನಿಯಲ್ಲಿ ಶತಮಾನಗಳ ಕಾಲ ನಡೆದದ್ದು ಪಾಲು ಬೇಸಾಯ. 'ಮೆಜ್ಜಾದ್ರಿಯಾ' ಎಂಬ ಅದರ ಹೆಸರಿನಲ್ಲೇ 'ಅರ್ಧ' ಎಂಬ ಅರ್ಥವಿದೆ. ಭೂಮಿ, ಮನೆ ಒಡೆಯನದು, ದುಡಿಮೆ ರೈತ ಕುಟುಂಬದ್ದು, ಬೆಳೆದದ್ದರಲ್ಲಿ ಅರ್ಧ ಅರ್ಧ. ಪಾಲು ರೈತರು ಒಂದೇ ಊರಿನಲ್ಲಿ ಗುಂಪಾಗಿ ಇರುತ್ತಿರಲಿಲ್ಲ. ಪ್ರತಿ ಕುಟುಂಬಕ್ಕೂ ಒಂದು ಹಿಡುವಳಿ, ಆ ಹಿಡುವಳಿಯ ನಡುವೆಯೇ ಒಂದು ಕಲ್ಲಿನ ಮನೆ. ಗುಡ್ಡಕ್ಕೊಂದು ಮನೆ ಎಂದರೂ ತಪ್ಪಿಲ್ಲ. ಗೋಧಿ, ದ್ರಾಕ್ಷಿ, ಆಲಿವ್ ಎಣ್ಣೆ ಯಾವುದಾದರೂ ಒಡೆಯನ ಪಾಲು ಎಸ್ಟೇಟಿನ ಮುಖ್ಯ ಮನೆಗೆ, ಅಲ್ಲಿನ ಪಾರುಪತ್ಯಗಾರನ ಲೆಕ್ಕಕ್ಕೆ ತಲುಪಬೇಕು. ಹೀಗಾಗಿ ಪ್ರತಿ ಮನೆಯಿಂದಲೂ ಎತ್ತಿನ ಗಾಡಿ ಹೋಗುವಷ್ಟು ಅಗಲದ ದಾರಿ. ಅದು ಗುಡ್ಡದ ನೆತ್ತಿಯ ಮೇಲೆಯೇ ಸಾಗುವುದಕ್ಕೂ ಕಾರಣವಿದೆ. ಸಿಯೆನಾದ ದಕ್ಷಿಣಕ್ಕೆ ಇರುವುದು ಬೂದು ಜೇಡಿಮಣ್ಣಿನ ದಿಬ್ಬಗಳು. ಮಳೆಗಾಲದಲ್ಲಿ ತಗ್ಗಿನಲ್ಲಿ ಗಾಡಿ ಹೂತುಹೋಗುತ್ತದೆ, ಇಳಿಜಾರಿನಲ್ಲಿ ನೆಲವೇ ಜಾರುತ್ತದೆ. ನೆತ್ತಿಯ ಮೇಲಾದರೆ ನೀರು ಎರಡೂ ಬದಿಗೆ ಹರಿದು ಹೋಗುತ್ತದೆ. ಇಂದು ಕ್ಯಾಲೆಂಡರುಗಳಲ್ಲಿ ಕಾಣುವ, ಸೈಪ್ರೆಸ್ ಮರಗಳ ಸಾಲಿನ ನಡುವೆ ಬಳುಕುವ ದಾರಿಯ ಹಿಂದೆ ಇಷ್ಟು ವ್ಯಾವಹಾರಿಕ ಲೆಕ್ಕಾಚಾರವಿದೆ.

ಅರ್ಧ ಪಾಲು ಎಂದರೆ ನ್ಯಾಯವಾಗಿಯೇ ಇತ್ತಲ್ಲ ಎನಿಸಬಹುದು. ಆದರೆ ಅರ್ಧದ ಮೇಲೆ ಹಬ್ಬಕ್ಕೆ ಕೋಳಿ, ಮೊಟ್ಟೆ ಕಾಣಿಕೆ ಕೊಡಬೇಕು. ಮನೆಯವರ ಮದುವೆಗೂ ಒಡೆಯನ ಒಪ್ಪಿಗೆ ಪಡೆಯಬೇಕಾದ ಕರಾರುಗಳಿದ್ದವು. ಒಡೆಯ ಮನಸ್ಸು ಮಾಡಿದರೆ ಕುಟುಂಬವನ್ನು ಹಿಡುವಳಿಯಿಂದ ಎಬ್ಬಿಸಬಹುದಿತ್ತು. ಗಾಯೋಲೆಯ ಪಕ್ಕದಲ್ಲೇ ಇರುವ ಬ್ರೋಲಿಯೊ ಕೋಟೆ ರಿಕಾಸೊಲಿ ಮನೆತನದ್ದು. ಆ ಮನೆಯ ಬೆತ್ತೀನೊ ರಿಕಾಸೊಲಿ 1861ರಲ್ಲಿ ಏಕೀಕೃತ ಇಟಲಿಯ ಎರಡನೆಯ ಪ್ರಧಾನಿಯಾದವನು. ಕಿಯಾಂತಿ ವೈನಿಗೆ ಯಾವ ಯಾವ ದ್ರಾಕ್ಷಿ ಬೆರೆಸಬೇಕು ಎಂದು 1872ರಲ್ಲಿ ಪತ್ರ ಬರೆದು ತಿಳಿಸಿದವನೂ ಅವನೇ. ಆ ವೈನಿನ ಕೀರ್ತಿ ಜಗತ್ತಿಗೆ ಹಬ್ಬಿತು. ದ್ರಾಕ್ಷಿ ಹೊತ್ತ ಗಾಡಿಗಳು ಇಳಿದು ಬರುತ್ತಿದ್ದ ದಾರಿಗಳ ಕಡೆ ಯಾರ ಗಮನವೂ ಹೋಗಲಿಲ್ಲ. ಆಗ ಎಲ್ಲ ರಸ್ತೆಗಳೂ ಹಾಗೆಯೇ ಇದ್ದವಲ್ಲ!

ಇಲ್ಲಿ ಸೈಕಲ್ಲಿನ ಪ್ರವೇಶವಾಗುತ್ತದೆ. 1894ರಲ್ಲಿ ಮಿಲಾನ್ ನಗರದಲ್ಲಿ 57 ಮಂದಿ ಸೈಕಲ್ ಪ್ರಿಯರು ಸೇರಿ ಪ್ರವಾಸ ಸಂಘವೊಂದನ್ನು ಕಟ್ಟಿದರು. ಮುಂದೆ ಇಟಲಿಯ ದೊಡ್ಡ ಪ್ರವಾಸಿ ಸಂಸ್ಥೆಯಾಗಿ ಬೆಳೆದ 'ಟೂರಿಂಗ್ ಕ್ಲಬ್' ಇದೇ. ದಾರಿಯ ಬದಿಯಲ್ಲಿ ಊರಿನ ಹೆಸರಿನ ಫಲಕ ಹಾಕಿ, ರಸ್ತೆಗಳನ್ನು ಸುಧಾರಿಸಿ ಎಂದು ಅದು ಪಟ್ಟು ಹಿಡಿಯಿತು. ಒಳ್ಳೆಯ ರಸ್ತೆಗಾಗಿ ಮೊದಲು ದನಿ ಎತ್ತಿದವರಲ್ಲಿ ಸೈಕಲ್ ಸವಾರರೇ ಮುಂದಿದ್ದರು. ನೂರು ವರ್ಷಗಳ ನಂತರ ಅದೇ ಸೈಕಲ್ ಏರಿದವರು ರಸ್ತೆಯನ್ನು ಇದ್ದಂತೆ ಬಿಡಿ ಎಂದು ಕೇಳಿದ್ದು ಚರಿತ್ರೆಯ ಒಂದು ತಮಾಷೆ.

1909ರಲ್ಲಿ ಒಂದು ಕ್ರೀಡಾ ಪತ್ರಿಕೆ 'ಜಿರೊ ದಿತಾಲಿಯಾ' ಎಂಬ ಇಟಲಿ ಪ್ರದಕ್ಷಿಣೆಯ ಸ್ಪರ್ಧೆ ಆರಂಭಿಸಿತು. ಎಂಟು ಹಂತಗಳು, ಒಟ್ಟು ಸುಮಾರು 2,450 ಕಿ.ಮೀ. ಮಿಲಾನಿನಿಂದ ನಡುರಾತ್ರಿ ಕಳೆದ ಮೇಲೆ ಹೊರಟವರು 127 ಮಂದಿ, ಕೊನೆ ಮುಟ್ಟಿದವರು 49. ಗೆದ್ದವನು ಲುಯೀಜಿ ಗನ್ನಾ, ಗಾರೆ ಕೆಲಸ ಮಾಡುತ್ತಿದ್ದವನು. ರೋಮ್‌ನಿಂದ ಟಸ್ಕನಿಯ ರಾಜಧಾನಿ ಫ್ಲಾರೆನ್ಸ್‌ವರೆಗಿನ ಹಂತವನ್ನೂ ಅವನೇ ಗೆದ್ದ. ಗೆದ್ದಾಗ ಏನನ್ನಿಸುತ್ತಿದೆ ಎಂದು ಕೇಳಿದ ಪತ್ರಕರ್ತನಿಗೆ ಅವನು, ಕೂರುವ ಜಾಗ ಉರಿಯುತ್ತಿದೆ ಎಂದನಂತೆ. ಆ ದಿನಗಳ ರಸ್ತೆಯ ಬಗ್ಗೆ ಇದಕ್ಕಿಂತ ನೇರವಾದ ವರದಿ ಬೇಕಿಲ್ಲ. ಗಿಯರ್ ಬದಲಿಸುವ ಸನ್ನೆ ಇರಲಿಲ್ಲ. ಪಂಕ್ಚರ್ ಆದರೆ ಹೆಗಲಿಗೆ ಸುತ್ತಿಕೊಂಡ ಟಯರನ್ನು ಸವಾರನೇ ಹಾಕಿಕೊಳ್ಳಬೇಕು. ಇಂದು ಅಂಗಡಿಗಳಲ್ಲಿ ದಪ್ಪ ಟಯರಿನ 'ಗ್ರಾವೆಲ್ ಬೈಕ್' ಹೊಸ ಆವಿಷ್ಕಾರದಂತೆ ಮಾರಾಟವಾಗುತ್ತಿದೆ. ಗನ್ನಾನ ಕಾಲದಲ್ಲಿ ಬೇರೆ ಬಗೆಯ ಸೈಕ್ಲಿಂಗ್ ಎಂಬುದೇ ಇರಲಿಲ್ಲ.

ಜಲ್ಲಿ ರಸ್ತೆಗೆ ಕಂಟಕ ತಂದದ್ದು ಮೋಟಾರು. ಸ್ಕಾಟ್ಲೆಂಡಿನ ಜಾನ್ ಮೆಕಾಡಮ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಳಕೆಗೆ ತಂದ ಕ್ರಮ ಸರಳ. ಸಣ್ಣಗೆ ಒಡೆದ ಜಲ್ಲಿಯನ್ನು ಪದರ ಪದರವಾಗಿ ಹಾಸಿ, ನಡುವೆ ಉಬ್ಬು ಕೊಟ್ಟು, ಎರಡೂ ಬದಿಗೆ ಚರಂಡಿ ತೆಗೆಯುವುದು. ಗಾಡಿಯ ಕಬ್ಬಿಣದ ಪಟ್ಟಿ ಜಲ್ಲಿಯನ್ನು ಅರೆಯುತ್ತಿತ್ತು. ಆ ಪುಡಿ ನೀರಿನೊಂದಿಗೆ ಸೇರಿ ಕಲ್ಲುಗಳ ಸಂದು ತುಂಬಿ ಗಾರೆಯಂತೆ ಬಿಗಿಯುತ್ತಿತ್ತು. ಅಂದರೆ ಓಡಾಡಿದಷ್ಟೂ ರಸ್ತೆ ಗಟ್ಟಿಯಾಗುತ್ತಿತ್ತು. ವೇಗದ ರಬ್ಬರ್ ಚಕ್ರ ಮಾಡುವುದು ಇದರ ವಿರುದ್ಧ ಕೆಲಸ. ಅದು ಸಂದಿನ ಪುಡಿಯನ್ನು ಎಬ್ಬಿಸಿ ಗಾಳಿಗೆ ತೂರುತ್ತದೆ, ಕಲ್ಲುಗಳು ಸಡಿಲವಾಗಿ ಏಳುತ್ತವೆ. ಮೊದಲ ಕಾರುಗಳ ಹಿಂದೆ ಎದ್ದ ಧೂಳು ಯೂರೋಪಿನಲ್ಲಿ ದೊಡ್ಡ ಗಲಾಟೆಗೇ ಕಾರಣವಾಯಿತು. 1902ರಲ್ಲಿ ಮೊನಾಕೊದಲ್ಲಿ ಗುಗ್ಲಿಯೆಲ್ಮಿನೆತ್ತಿ ಎಂಬ ಸ್ವಿಸ್ ವೈದ್ಯ ರಸ್ತೆಗೆ ಬಿಸಿ ಡಾಂಬರು ಬಳಿಸಿ ಧೂಳು ಅಡಗಿಸಿದ. ಜನ ಅವನಿಗೆ 'ಡಾಂಬರು ಡಾಕ್ಟರ್' ಎಂದೇ ಹೆಸರಿಟ್ಟರು.

ಡಾಂಬರು ನಗರಗಳಿಂದ ಹೊರಟು ಹೆದ್ದಾರಿಗಳನ್ನು ಹಿಡಿಯಿತು. ಟಸ್ಕನಿಯ ಗುಡ್ಡಗಳಿಗೆ ಅದು ಬರುವುದು ತಡವಾಯಿತು. ಆ ನಡುವಿನ ದಶಕಗಳಲ್ಲಿ ಬಿಳಿ ರಸ್ತೆಗಳು ಕಂಡ ದೊಡ್ಡ ಸವಾರ ಜೀನೊ ಬಾರ್ತಲಿ. ಫ್ಲಾರೆನ್ಸಿನ ಹೊರವಲಯದ ಪೊಂತೆ ಎ ಎಮಾದಲ್ಲಿ 1914ರಲ್ಲಿ ಹುಟ್ಟಿದವರು. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯನ್ನು 1938ರಲ್ಲಿ ಒಮ್ಮೆ, ಯುದ್ಧ ಮುಗಿದ ಮೇಲೆ 1948ರಲ್ಲಿ ಇನ್ನೊಮ್ಮೆ ಗೆದ್ದರು. ಎರಡು ಗೆಲುವಿನ ನಡುವೆ ಹತ್ತು ವರ್ಷ! ಜರ್ಮನರು ಇಟಲಿಯನ್ನು ಹಿಡಿದಿದ್ದ 1943-44ರಲ್ಲಿ ಅವರು ಅಭ್ಯಾಸದ ನೆಪದಲ್ಲಿ ಸೈಕಲ್ಲಿನ ಕೊಳವೆಯೊಳಗೆ ಸುಳ್ಳು ಗುರುತು ಪತ್ರಗಳನ್ನು ಅಡಗಿಸಿಕೊಂಡು ಒಯ್ದು ಯಹೂದಿಗಳ ಜೀವ ಉಳಿಸಲು ನೆರವಾದರೆಂದು ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ 2013ರಲ್ಲಿ ಗೌರವಿಸಿತು. ಬಾರ್ತಲಿ ತೀರಿಕೊಂಡು ಆಗಲೇ ಹದಿಮೂರು ವರ್ಷವಾಗಿತ್ತು. ಬದುಕಿದ್ದಾಗ ಅವರು ಈ ಬಗ್ಗೆ ಬಾಯಿ ಬಿಟ್ಟದ್ದು ಕಡಿಮೆ. ಹೀಗಾಗಿ ವಿವರಗಳ ಬಗ್ಗೆ ಇತಿಹಾಸಕಾರರ ನಡುವೆ ವಾದ ಇನ್ನೂ ಮುಗಿದಿಲ್ಲ. ಎರೋಯಿಕಾ ಯಾತ್ರೆಯ ಸವಾರರು ಉಣ್ಣೆಯ ಹಳೆ ಜೆರ್ಸಿ ತೊಟ್ಟು ನೆನೆಯುವುದು ಬಾರ್ತಲಿ, ಅವರ ಪ್ರತಿಸ್ಪರ್ಧಿ ಫೌಸ್ತೊ ಕೊಪ್ಪಿ ಇಂಥವರ ಕಾಲವನ್ನು.

ಆದರೆ ರಸ್ತೆಗಳನ್ನು ಉಳಿಸಿದ್ದು ಈ ನೆನಪಲ್ಲ. ನಿಜವಾಗಿ ಉಳಿಸಿದ್ದು ಜನ ಊರು ಬಿಟ್ಟು ಹೋದದ್ದು.

ಯುದ್ಧದ ನಂತರ ಪಾಲು ರೈತರು ಸಂಘಟಿತರಾಗಿ ಹೋರಾಡಿದರು. ಅವರ ಪಾಲು 1947ರಲ್ಲಿ ಶೇಕಡ 53ಕ್ಕೆ ಏರಿತು. 1964ರ ಸೆಪ್ಟೆಂಬರ್ 15ರ ಕಾನೂನು ಅದನ್ನು ಶೇಕಡ 58 ಮಾಡಿತು, ಜೊತೆಗೆ ಹೊಸ ಪಾಲು ಕರಾರುಗಳನ್ನೇ ನಿಷೇಧಿಸಿತು. ಇದಾಗಿ ಮೂರು ವಾರ ಕಳೆಯುವುದರೊಳಗೆ, ಅಕ್ಟೋಬರ್ 4ರಂದು, ಮಿಲಾನಿನಿಂದ ನೇಪಲ್ಸ್‌ವರೆಗಿನ 'ಸೂರ್ಯ ಹೆದ್ದಾರಿ' ಪೂರ್ತಿಯಾಗಿ ಸಂಚಾರಕ್ಕೆ ತೆರೆಯಿತು. ಒಂದೇ ತಿಂಗಳ ಅಂತರದಲ್ಲಿ ಹಳೆಯ ಟಸ್ಕನಿಯ ಬಾಗಿಲು ಮುಚ್ಚಿ ಹೊಸ ಇಟಲಿಯ ಬಾಗಿಲು ತೆರೆದಂತಾಯಿತು. ಕಾನೂನು ಬರುವ ಹೊತ್ತಿಗೆ ಹಿಡುವಳಿಗಳಲ್ಲಿ ಜನವೇ ಕರಗಿದ್ದರು. ಪ್ರಾತೊದ ಜವಳಿ ಗಿರಣಿ, ಪೊಂತೆದೇರಾದ ವೆಸ್ಪಾ ಸ್ಕೂಟರ್ ಕಾರ್ಖಾನೆ, ಫ್ಲಾರೆನ್ಸಿನ ಕಟ್ಟಡ ಕೆಲಸ ಅವರನ್ನು ಕರೆದಿದ್ದವು. ತಿಂಗಳ ಸಂಬಳ, ನಲ್ಲಿ ನೀರು, ವಿದ್ಯುತ್ ದೀಪ, ಮಕ್ಕಳಿಗೆ ಹತ್ತಿರದಲ್ಲೇ ಶಾಲೆ. ಗುಡ್ಡದ ಮೇಲಿನ ಮನೆಗೆ ಬೀಗ ಹಾಕಿ ಬಿಳಿ ರಸ್ತೆಯಲ್ಲಿ ಸಾಮಾನು ಹೇರಿಕೊಂಡು ಇಳಿದವರು ಮರಳಿ ಹತ್ತಲಿಲ್ಲ. ಗಾಯೋಲೆಯ ಪಂಚಾಯಿತಿ ವ್ಯಾಪ್ತಿಯಲ್ಲಿ ಈಗ ಇರುವುದು ಮೂರು ಸಾವಿರಕ್ಕೂ ಕಡಿಮೆ ಜನ.

ಜನವೇ ಇಲ್ಲದ ದಾರಿಗೆ ಡಾಂಬರು ಹಾಕುವವರು ಯಾರು? ಊರಿನಿಂದ ಊರಿಗೆ ಹೋಗುವ ರಸ್ತೆಗಳು ಕಪ್ಪಾದವು, ಪಾಳು ಮನೆಗಳ ದಾರಿಗಳು ಬಿಳಿಯಾಗಿಯೇ ಉಳಿದವು. ಇಂದಿನ ಸವಾರನಿಗೆ ಸಿಗುವ, ಗಂಟೆಗಟ್ಟಲೆ ಒಂದು ಕಾರೂ ಎದುರಾಗದ ಆ ನಿಶ್ಶಬ್ದದ ಮೂಲ ಇದು. ಪ್ರವಾಸಿ ಪುಸ್ತಿಕೆಗಳಲ್ಲಿ ಈ ಭಾಗ ಹೆಚ್ಚಾಗಿ ಬಿಟ್ಟುಹೋಗುತ್ತದೆ.

ಖಾಲಿ ಬಿದ್ದ ಮನೆಗಳನ್ನು ಕೊಂಡವರು ಹೊರಗಿನವರು. 1960ರ ದಶಕದಿಂದ ಇಂಗ್ಲಿಷರು ಎಷ್ಟು ಮಂದಿ ಬಂದರೆಂದರೆ, ಕಿಯಾಂತಿಗೆ ಇಂಗ್ಲೆಂಡಿನ ಜಿಲ್ಲೆಗಳ ಮಾದರಿಯಲ್ಲಿ 'ಕಿಯಾಂತಿಶೈರ್' ಎಂಬ ಅಡ್ಡಹೆಸರು ಬಿತ್ತು. 1985ರಲ್ಲಿ ಬಂದ ಕಾನೂನು ರೈತರು ತಮ್ಮ ಮನೆಯಲ್ಲೇ ಪ್ರವಾಸಿಗಳನ್ನು ಇಳಿಸಿಕೊಳ್ಳಲು ದಾರಿ ಮಾಡಿತು. ಹಳೆಯ ಕೊಟ್ಟಿಗೆಗಳು ಅತಿಥಿ ಕೊಠಡಿಗಳಾದವು. ಜನ ಮತ್ತೆ ಬಂದಂತೆ ಕಾರೂ ಬಂತು, ಕಾರಿನ ಜೊತೆ ಡಾಂಬರಿನ ಬೇಡಿಕೆಯೂ ಬಂತು. ಬಿಳಿ ರಸ್ತೆಗಳಿಗೆ ನಿಜವಾದ ಅಪಾಯ ಎದುರಾದದ್ದು ಆಗ. 1997ರ ಆ 92 ಮಂದಿ ಹೊರಟದ್ದು ಈ ಹಿನ್ನೆಲೆಯಲ್ಲಿ.

ಎರೋಯಿಕಾ ನಿಯಮಗಳು ವಿಚಿತ್ರವಾಗಿವೆ. ಸೈಕಲ್ 1987ಕ್ಕಿಂತ ಹಿಂದಿನದಾಗಿರಬೇಕು. ಗಿಯರ್ ಸನ್ನೆ ಚೌಕಟ್ಟಿನ ಓರೆ ಕೊಳವೆಯ ಮೇಲಿರಬೇಕು. ಬ್ರೇಕಿನ ತಂತಿ ಹ್ಯಾಂಡಲ್ಲಿನ ಹೊರಗೆ ಕಮಾನಿನಂತೆ ಕಾಣಬೇಕು. ಪೆಡಲ್ಲಿಗೆ ಹಳೆಯ ಕಾಲದಂತೆ ಚರ್ಮದ ಪಟ್ಟಿ. ಅತಿ ದೊಡ್ಡ ಸುತ್ತು 209 ಕಿ.ಮೀ. ಅದಕ್ಕೆ ಹೊರಡುವವರು ಬೆಳಗಾಗುವ ಮೊದಲೇ ದೀಪ ಕಟ್ಟಿಕೊಂಡು ತುಳಿಯುತ್ತಾರೆ. ಬ್ರೋಲಿಯೊ ಕೋಟೆಗೆ ಏರುವ ಸೈಪ್ರೆಸ್ ಸಾಲಿನ ಬಿಳಿ ದಾರಿಯುದ್ದಕ್ಕೂ ಅವರಿಗಾಗಿ ಹಣತೆಯಂಥ ದೀಪಗಳನ್ನು ಹಚ್ಚಿಟ್ಟಿರುತ್ತಾರೆ. ದಾರಿಯ ಠಾಣೆಗಳಲ್ಲಿ ಕಾರ್ಡಿಗೆ ಮೊಹರು ಒತ್ತಿಸಿಕೊಳ್ಳಬೇಕು. ಅಲ್ಲಿ ಸಿಗುವುದು ತಂಗಳು ಬ್ರೆಡ್ಡು, ಕಾಳು, ಸೊಪ್ಪು ಹಾಕಿ ಕುದಿಸಿದ 'ರಿಬೊಲ್ಲಿತಾ' ಎಂಬ ಗಟ್ಟಿ ಸಾರು, ಮೇಲೆ ಒಂದಿಷ್ಟು ವೈನು. ಬಡ ರೈತರ ಮನೆಯಲ್ಲಿ ಉಳಿದದ್ದನ್ನು ಮರುದಿನ ಮತ್ತೆ ಕುದಿಸುತ್ತಿದ್ದುದರಿಂದ ಆ ಸಾರಿಗೆ ಆ ಹೆಸರು. ದುಬಾರಿ ಹಣ ತೆತ್ತು ದೂರ ದೇಶಗಳಿಂದ ಬಂದವರು ಅದನ್ನು ಸಾಲಿನಲ್ಲಿ ನಿಂತು ಚಪ್ಪರಿಸುತ್ತಾರೆ. ಈಗ ಸವಾರರ ಸಂಖ್ಯೆ ಸಾವಿರಗಳಲ್ಲಿದೆ. ಇದೇ ಹೆಸರಿನ ಯಾತ್ರೆಗಳು ಜಪಾನ್, ಇಂಗ್ಲೆಂಡ್, ಅಮೆರಿಕಗಳಲ್ಲೂ ನಡೆದಿವೆ.

ಹವ್ಯಾಸಿಗಳ ಈ ಯಾತ್ರೆಯ ಬೆನ್ನಲ್ಲೇ ವೃತ್ತಿಪರರ ಸ್ಪರ್ಧೆ ಬಂತು. 2007ರ ಅಕ್ಟೋಬರ್ 9ರಂದು ಗಾಯೋಲೆಯಿಂದ ಸಿಯೆನಾಕ್ಕೆ ನಡೆದ ಮೊದಲ ಓಟವನ್ನು ರಷ್ಯಾದ ಅಲೆಕ್ಸಾಂಡರ್ ಕೊಲೊಬ್ನೆವ್ ಗೆದ್ದರು. ಮರುವರ್ಷ ಅದು ಮಾರ್ಚ್‌ಗೆ ಬದಲಾಯಿತು. ಈಗ ಅದರ ಹೆಸರೇ 'ಸ್ತ್ರಾದೆ ಬಿಯಾಂಕೆ'. 2015ರಿಂದ ಮಹಿಳೆಯರ ಸ್ಪರ್ಧೆಯೂ ಇದೆ. ಸ್ವಿಟ್ಜರ್ಲೆಂಡಿನ ಫೇಬಿಯನ್ ಕಾನ್ಸೆಲಾರಾ 2008, 2012, 2016ರಲ್ಲಿ ಗೆದ್ದದ್ದಕ್ಕೆ ಮೊಂತೆ ಸಾಂತೆ ಮರಿಯೆ ಎಂಬ 11.5 ಕಿ.ಮೀ. ಉದ್ದದ ಜಲ್ಲಿ ದಾರಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ. 2010ರಲ್ಲಿ ಜಿರೊ ಸ್ಪರ್ಧೆಯ ಒಂದು ಹಂತ ಮೊಂತಾಲ್ಚಿನೊ ಪಟ್ಟಣದತ್ತ ಇದೇ ಬಗೆಯ ರಸ್ತೆಯಲ್ಲಿ ಸಾಗಿದಾಗ ಮಳೆ ಸುರಿಯಿತು. ಯಾರು ಯಾವ ತಂಡದವರೆಂದು ಗುರುತಿಸಲಾಗದಷ್ಟು ಕೆಸರು. ಗೆದ್ದ ಆಸ್ಟ್ರೇಲಿಯಾದ ಕ್ಯಾಡೆಲ್ ಇವಾನ್ಸ್ ಮಣ್ಣಿನ ಬೊಂಬೆಯಂತೆ ಕಂಡರು. ನೂರು ವರ್ಷ ಹಿಂದಿನ ಫೋಟೊ ನೋಡಿದಂತಾಯಿತು ಎಂದು ಟಿವಿ ಮುಂದೆ ಕುಳಿತವರಿಗೆ ಅನ್ನಿಸಿರಬೇಕು. 2025ರ ಸ್ಪರ್ಧೆಯ 213 ಕಿ.ಮೀ.ಯಲ್ಲಿ ಸುಮಾರು 80 ಕಿ.ಮೀ. ಜಲ್ಲಿ ದಾರಿ. ಅಂದು ಸ್ಲೊವೇನಿಯಾದ ತದೆಯ್ ಪೊಗಾಚಾರ್ ಬಿದ್ದು ಮೈ ತರಚಿಕೊಂಡು ಎದ್ದು, ಕೊನೆಗೆ ಗೆದ್ದರು. ಅವರು ಬಿದ್ದದ್ದು ಮಾತ್ರ ಡಾಂಬರಿನ ತಿರುವಿನಲ್ಲಿ!

ಇಷ್ಟಾದ ಮೇಲೆ ಬಿಳಿ ರಸ್ತೆಗೆ ಬೆಲೆ ಬಂದಿದೆ. ಹಿಂದುಳಿದಿರುವುದರ ಗುರುತಾಗಿದ್ದದ್ದು ಈಗ ಸೀಮೆಯ ಆಸ್ತಿ. ಆದರೆ ಆಸ್ತಿಯ ಖರ್ಚು ಯಾರ ಪಾಲಿಗೆ ಎಂಬ ಪ್ರಶ್ನೆ ಇದ್ದೇ ಇದೆ. ಡಾಂಬರು ಹಾಕಿದ ರಸ್ತೆಯನ್ನು ಕೆಲವು ವರ್ಷ ಮರೆತಿರಬಹುದು. ಜಲ್ಲಿ ರಸ್ತೆಯನ್ನು ಮರೆಯಲಾಗದು. ಒಂದು ಜೋರು ಮಳೆಗೆ ಇಳಿಜಾರಿನಲ್ಲಿ ಕೊರಕಲು ಬೀಳುತ್ತದೆ, ಚರಂಡಿ ಕಟ್ಟಿದರೆ ನೀರು ರಸ್ತೆಯನ್ನೇ ಕಾಲುವೆ ಮಾಡಿಕೊಳ್ಳುತ್ತದೆ, ವಾಹನಗಳ ಓಟಕ್ಕೆ ಮೇಲ್ಮೈ ತಗಡಿನ ಶೀಟಿನಂತೆ ಅಲೆಯಲೆಯಾಗುತ್ತದೆ. ಯಂತ್ರ ತಂದು ಸಮ ಮಾಡಿ, ಜಲ್ಲಿ ಹಾಕಿ, ರೋಲರ್ ಓಡಿಸುತ್ತಲೇ ಇರಬೇಕು. ಹಿಂದೆ ಗುದ್ದಲಿ ಹಿಡಿದು ಮನೆ ಮುಂದಿನ ದಾರಿಯ ಚರಂಡಿ ಬಿಡಿಸುತ್ತಿದ್ದ ಕುಟುಂಬಗಳು ಈಗ ಅಲ್ಲಿಲ್ಲ.

ರಸ್ತೆ ಬದಿಯಲ್ಲೇ ವರ್ಷವಿಡೀ ಬದುಕುವವರಿಗೆ ಧೂಳು ಕಾವ್ಯವಲ್ಲ. ಒಣಗಲು ಹಾಕಿದ ಬಟ್ಟೆಯ ಮೇಲೆ, ದ್ರಾಕ್ಷಿಯ ಎಲೆಯ ಮೇಲೆ, ಕಿಟಕಿಯ ಸಂದಿನಲ್ಲಿ ಕೂರುವುದು ಅದೇ ಬಿಳಿ ಪುಡಿ. ಮಕ್ಕಳನ್ನು ಶಾಲೆಗೆ ಬಿಡುವ ತಾಯಿಗೆ, ಕಾಯಿಲೆ ಮುದುಕರಿರುವ ಮನೆಗೆ ನುಣ್ಣನೆಯ ರಸ್ತೆ ಬೇಕೆನಿಸಿದರೆ ಅದು ತಪ್ಪೇನಲ್ಲ. ವರ್ಷಕ್ಕೊಮ್ಮೆ ಬಂದು ಹೋಗುವವರ ಮೆಚ್ಚುಗೆಗಾಗಿ ಅವರು ಕೆಮ್ಮುತ್ತಾ ಇರಬೇಕೆ? ರಸ್ತೆ ಉಳಿದದ್ದು ಸಂತೋಷವೇ. ಆದರೂ ಈ ಪ್ರಶ್ನೆಯನ್ನು ಸೈಕಲ್ ಪ್ರಿಯರು ತಳ್ಳಿಹಾಕುವಂತಿಲ್ಲ.

ಎರೋಯಿಕಾ ಸುತ್ತಿಗೆ ಈಗ ದಾರಿಯುದ್ದಕ್ಕೂ ಕಾಯಂ ಫಲಕಗಳಿವೆ. ಅಕ್ಟೋಬರ್ ತಿಂಗಳಿಗೆ ಕಾಯದೆ ವರ್ಷದ ಯಾವ ದಿನವಾದರೂ, ಯಾವ ಸೈಕಲ್ಲಿನಲ್ಲಾದರೂ ಹೋಗಬಹುದು. ಸ್ಪರ್ಧೆಯ ಗದ್ದಲವಿಲ್ಲದ ದಿನಗಳಲ್ಲಿ ಆ ದಾರಿಯಲ್ಲಿ ಎದುರಾಗುವುದು ಹೆಚ್ಚೆಂದರೆ ದ್ರಾಕ್ಷಿ ತೋಟದ ಟ್ರ್ಯಾಕ್ಟರು, ಅಂಚೆಯವರ ವಾಹನ. ಅವು ಹಾದು ಹೋದ ಮೇಲೆ ಧೂಳು ಇಳಿಯುವವರೆಗೆ ಸವಾರ ಸೈಕಲ್ಲಿನಿಂದ ಇಳಿದು ಚರಂಡಿಯ ಅಂಚಿಗೆ ಸರಿದು ನಿಲ್ಲಬೇಕಾಗುತ್ತದೆ.